ಹದಿನೆಂಟು ತುಂಬಿದವರ ಕಂಪ್ಯೂಟರ್

ಕುಲಪತಿಗಳೇ, ಕುಲಸಚಿವರೇ, ಹಣಕಾಸು ಅಧಿಕಾರಿಗಳೇ, ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆಂದು ಬೋರ್ಡು ಹಾಕಿರುವ ಕೊಠಡಿಗೆ ಹೋಗಿ. ಟೇಪು ಕತ್ತರಿಸಿದ ದಿನ ನೀವೋ ನಿಮ್ಮ ಹಿಂದಿನವರೋ ಹೋಗಿದ್ದೀರಿ, ಗೋಡೆಯ ಫಲಕದಲ್ಲಿ ಹೆಸರಿದೆ. ಈ ಸಲ ಹಾರ, ಫೋಟೊಗ್ರಾಫರ್ ಯಾವುದೂ ಇಲ್ಲದೆ ಹೋಗಿ. ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಚಾರಿಸಿ. ಬಾಗಿಲು ತೆಗೆಸಿ, ಒಂದು ಕಂಪ್ಯೂಟರ್ ಚಾಲೂ ಮಾಡಿ, ಮಾನಿಟರ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು, ಕಿವಿಗೆ ಕೇಳಿಸಿದ್ದನ್ನಷ್ಟೇ ನಂಬಿ ಪರೀಕ್ಷಾ ಶುಲ್ಕ ಕಟ್ಟಲು ನೋಡಿ. ಆಮೇಲೆ ಮಾತಾಡೋಣ.

ಆ ಯಂತ್ರದಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ನಿಮ್ಮ ಕೆಲಸ ಅಲ್ಲಿಗೇ ನಿಲ್ಲಬಹುದು. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಅದರ ಕೈಬಿಟ್ಟಿತು. 2023ರ ಆರಂಭದಲ್ಲಿ ಕ್ರೋಮ್ ಬ್ರೌಸರ್ ಕೂಡ ಬಿಟ್ಟಿತು. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವೂ 2023.3 ಸರಣಿಯ ನಂತರ ಅದರ ಮೇಲೆ ಓಡುವುದಿಲ್ಲ. ವಿಂಡೋಸ್ 10 ಇದೆ ಎಂದು ನಿಟ್ಟುಸಿರು ಬಿಡುವಂತೆಯೂ ಇಲ್ಲ, 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲವೂ ಮುಗಿಯಿತು. ವಿಂಡೋಸ್ 11 ಹಾಕಿಸೋಣವೆಂದರೆ ಅದು ಟಿಪಿಎಂ 2.0 ಚಿಪ್ಪನ್ನೂ ಹೆಚ್ಚುಕಡಿಮೆ 2018ರಿಂದ ಈಚಿನ ಪ್ರೊಸೆಸರನ್ನೂ ಕೇಳುತ್ತದೆ. ಕಣ್ಣಿರುವ ಹುಡುಗನಿಗೆ ಹಳೆಯ ಕಂಪ್ಯೂಟರ್ ಎಂದರೆ ಸ್ವಲ್ಪ ಕಿರಿಕಿರಿ. ಪಕ್ಕದ ಲ್ಯಾಬಿಗೆ ಹೋಗುತ್ತಾನೆ, ಗೆಳೆಯನ ಮೊಬೈಲ್ ಈಸಿಕೊಳ್ಳುತ್ತಾನೆ. ಅಂಧ ಹುಡುಗಿಗೆ ಸ್ಕ್ರೀನ್ ರೀಡರ್ ನಿಂತಿತೆಂದರೆ ಪುಸ್ತಕ, ನೋಟ್ಸು, ನೋಟಿಸ್ ಬೋರ್ಡು ಎಲ್ಲವೂ ಒಟ್ಟಿಗೇ ನಿಂತಂತೆ. ಪ್ರವೇಶದಿಂದ ಅಂಕಪಟ್ಟಿಯವರೆಗೆ ಎಲ್ಲವನ್ನೂ ಆನ್‌ಲೈನ್ ಮಾಡಿ ಕೂತವರು ನಾವೇ ಅಲ್ಲವೇ?

‘ಎನ್‌ವಿಡಿಎ ಪುಕ್ಕಟೆ ಸಿಗುತ್ತದಲ್ಲ, ಖರ್ಚೇನು ಬಂತು?’ ಎಂದು ಸಭೆಗಳಲ್ಲಿ ಕೇಳುವವರಿದ್ದಾರೆ. ಪುಕ್ಕಟೆ ಹೌದು. ಆಸ್ಟ್ರೇಲಿಯಾದ ಮೈಕಲ್ ಕರ್ರನ್ 2006ರಲ್ಲಿ ಅದನ್ನು ಶುರು ಮಾಡಿದ್ದು, ಜೇಮ್ಸ್ ಟೆ ಜೊತೆಗೂಡಿದ್ದು, ದುಡ್ಡಿಲ್ಲದ ಅಂಧರಿಗೂ ಕಂಪ್ಯೂಟರ್ ದಕ್ಕಲಿ ಎಂದೇ, ಇಬ್ಬರೂ ಅಂಧರು. ಆದರೆ ಅವರು ಕೊಟ್ಟದ್ದು ತಂತ್ರಾಂಶ. ಅದು ಓಡುವ ಯಂತ್ರ, ಮೆಮೊರಿ, ಒಳ್ಳೆಯ ಹೆಡ್‌ಫೋನ್, ಕಲಿಸಿಕೊಡುವ ಮನುಷ್ಯ, ಇವನ್ನೂ ಅವರೇ ಕೊಡಬೇಕೇ? ಇನ್ನು ಜಾಸ್ ಎಂಬ ದುಬಾರಿ ಸ್ಕ್ರೀನ್ ರೀಡರ್ ಇದೆ. ಪರವಾನಗಿ ಕೊಳ್ಳದಿದ್ದರೆ ಅದು 40 ನಿಮಿಷ ಮಾತಾಡಿ ಸುಮ್ಮನಾಗುತ್ತದೆ, ಮತ್ತೆ ಬೇಕೆಂದರೆ ಕಂಪ್ಯೂಟರನ್ನೇ ಆರಿಸಿ ಹೊತ್ತಿಸಬೇಕು. ಸಂಶೋಧನಾ ಪ್ರಬಂಧದ ಅಧ್ಯಾಯವೊಂದನ್ನು 40 ನಿಮಿಷದ ತುಂಡುಗಳಲ್ಲಿ ಓದಿ ಮುಗಿಸಿ ಎಂದು ಯಾವ ಮಾರ್ಗದರ್ಶಕರಾದರೂ ತಮ್ಮ ಬೇರೆ ವಿದ್ಯಾರ್ಥಿಗಳಿಗೆ ಹೇಳಿಯಾರೇ?

ಕಾನೂನಿನ ಮಾತಿಗೆ ಬರುತ್ತೇನೆ, ಏಕೆಂದರೆ ಈ ಅನ್ಯಾಯದ ಒಂದು ಬೇರು ಅಲ್ಲೇ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 17ನೇ ಕಲಮು ಪುಸ್ತಕ, ಕಲಿಕಾ ಸಾಮಗ್ರಿ, ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡಿಸುವ ಮಾತಾಡುತ್ತದೆ. ಎಲ್ಲಿಯವರೆಗೆ? 18 ವರ್ಷ ತುಂಬುವವರೆಗೆ. ಅದೇ ಕಾಯ್ದೆಯ 32ನೇ ಕಲಮು ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಮೀಸಲಿಡಿ ಎನ್ನುತ್ತದೆ. ಪದವಿಯ ಮೆಟ್ಟಿಲು ಹತ್ತುವ ವಯಸ್ಸು ಯಾವುದು, ನೀವೇ ಹೇಳಿ. ಸೀಟು ಕೈಗೆ ಬರುವ ಹೊತ್ತಿಗೆ ಸಾಧನದ ಭರವಸೆ ಜಾರಿಹೋಗಿರುತ್ತದೆ. ನಮ್ಮ ರಾಜ್ಯದ ವಿಕಲಚೇತನರ ಸಬಲೀಕರಣ ಇಲಾಖೆ ಅಂಧ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆ ಇಟ್ಟಿದೆ. ಅದು ನಿಜಕ್ಕೂ ಒಳ್ಳೆಯ ಯೋಜನೆ, ಆ ಲ್ಯಾಪ್‌ಟಾಪಿನಿಂದ ಕಣ್ಣು ತೆರೆದ ಮನೆಗಳಿವೆ. ಆದರೆ ಪಿಯುಸಿಯಲ್ಲಿ ಕೈಗೆ ಬಂದ ಯಂತ್ರ ಎಂ.ಎ. ಮುಗಿಸುವ ಹೊತ್ತಿಗೆ ಏಳು ವರ್ಷದ ಮುದುಕ. ಬ್ಯಾಟರಿ ಸತ್ತಿರುತ್ತದೆ, ಕೀಲಿ ಉದುರಿರುತ್ತದೆ.

ಹಾಗೆಂದು ವಿಶ್ವವಿದ್ಯಾಲಯಗಳು ಕೈತೊಳೆದುಕೊಳ್ಳುವಂತಿಲ್ಲ. ಒಬ್ಬ ವ್ಯಕ್ತಿಗೆ ತಕ್ಕ ಅನುಕೂಲವನ್ನು ನಿರಾಕರಿಸುವುದೇ ತಾರತಮ್ಯ ಎಂದು ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಬರೆಯಲು ಕೈ ಒಗ್ಗದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ವಿರುದ್ಧ ಹೋದ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಇದನ್ನೇ ಒತ್ತಿ ಹೇಳಿತು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಡಿದರೆ ಮಾಡಿ ಎನ್ನುವಂಥ ಸಲಹೆಯ ನಿಯಮ ಸಾಲದು, ಕಡ್ಡಾಯದ ನಿಯಮ ತನ್ನಿ ಎಂದು ಕೇಂದ್ರಕ್ಕೆ ಹೇಳಿತು. ಆದರೂ ನ್ಯಾಯಾಲಯದ ಹೆದರಿಕೆಯಿಂದ ನೀವು ಕದಲಬೇಕೆಂದು ನಾನು ಈ ಮಾತು ಬರೆಯುತ್ತಿಲ್ಲ. ಹೆದರಿಕೆಯಿಂದ ಕೊಂಡ ಯಂತ್ರಗಳು ಎಲ್ಲಿರುತ್ತವೆ ಎಂದು ಗೊತ್ತಲ್ಲ, ಪ್ಲಾಸ್ಟಿಕ್ ಹೊದಿಕೆಯೊಳಗೆ.

ಯಂತ್ರ ಹೊಸದು ಬಂತು ಎಂದೇ ಇಟ್ಟುಕೊಳ್ಳಿ. ಅದಕ್ಕೆ ಓದಲು ನಾವು ಏನು ಕೊಡುತ್ತೇವೆ? ಕನ್ನಡ ಅಧ್ಯಾಪಕ ಬಂಧುಗಳೇ, ಇದು ನಿಮಗೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಇಂದಿಗೂ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ನೋಟ್ಸು ವಿಭಾಗಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. ಆ ಕಡತಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂತೆ. ‘ಕ’ ಇರುವ ಕಡೆ ‘ಪಿ’ ಕೂತಿದೆ, ‘ನ’ ಇರುವ ಕಡೆ ಬ್ರಿಟಿಷರ ಪೌಂಡ್ ಗುರುತು ಕೂತಿದೆ. ಸ್ಕ್ರೀನ್ ರೀಡರ್ ಒಳಗಿರುವುದನ್ನು ಓದುತ್ತದೆ. ಪಂಪನ ಬಗೆಗಿನ ನಿಮ್ಮ ಸೊಗಸಾದ ಟಿಪ್ಪಣಿ ಆ ವಿದ್ಯಾರ್ಥಿಯ ಕಿವಿಗೆ ಪೌಂಡು, ಕ್ಯೂ, ಪಿ ಎಂದು ಬೀಳುತ್ತದೆ. ಪರಿವರ್ತಕ ತಂತ್ರಾಂಶಗಳಿವೆ, ಕೆಲವೇ ನಿಮಿಷಗಳ ಕೆಲಸ. ಇದಕ್ಕೆ ಟೆಂಡರ್ ಬೇಡ, ಸಿಂಡಿಕೇಟ್ ಬೇಡ.

ಫೋಟೊ ತೆಗೆದು ಮಾಡಿದ ಪಿಡಿಎಫ್‌ಗಳದ್ದು ಇದೇ ಗೋಳಿನ ಇನ್ನೊಂದು ಮುಖ. ಪುಟದ ಚಿತ್ರ ಇದೆ, ಅಕ್ಷರವಿಲ್ಲ, ಸ್ಕ್ರೀನ್ ರೀಡರ್ ಬಾಯಿ ಬಿಡುವುದಿಲ್ಲ. ಮುದ್ರಿತ ಕನ್ನಡವನ್ನು ಗುರುತಿಸಿ ಪಠ್ಯ ಮಾಡುವ ಓಸಿಆರ್ ಈಗ ಸಾಕಷ್ಟು ಪಳಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಲಿಪಿಗೆಂದೇ ‘ಲಿಪಿಜ್ಞಾನಿ’ ಕಟ್ಟಿದೆ. ಕೃತಿಸ್ವಾಮ್ಯದ ಅಡ್ಡಿಯನ್ನು ಮುಂದೊಡ್ಡುವವರಿಗೆ ಉತ್ತರವೂ ಸಿದ್ಧವಿದೆ: 2012ರ ತಿದ್ದುಪಡಿಯ ನಂತರ ಅಂಗವಿಕಲರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರಲು ಕೃತಿಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ಗ್ರಂಥಪಾಲಕರ ಮೇಜಿನ ಮೇಲೆ ಬೇಕಿರುವುದು ಒಂದು ವೇಗದ ಸ್ಕ್ಯಾನರ್ ಮತ್ತು ತಿದ್ದಿಕೊಡುವ ಒಂದು ಜೊತೆ ಕಣ್ಣು.

ಇಷ್ಟು ಹೊತ್ತು ಅಂಧರದೇ ಮಾತಾಯಿತು. 2016ರ ಕಾಯ್ದೆ ಗುರುತಿಸಿರುವುದು 21 ಬಗೆಯ ಅಂಗವೈಕಲ್ಯ. ಮಂದದೃಷ್ಟಿಯವರಿಗೆ ದೊಡ್ಡ ಮಾನಿಟರ್ ಸಾಕಾಗಬಹುದು. ಕೈ ನಡುಗುವವರಿಗೆ ಮೌಸ್ ಬದಲು ಟ್ರ್ಯಾಕ್‌ಬಾಲ್ ಬೇಕು, ಅಥವಾ ಕನ್ನಡದಲ್ಲಿ ಹೇಳಿ ಬರೆಸಲು ಒಂದು ಒಳ್ಳೆಯ ಮೈಕ್. ಕಿವಿ ಕೇಳದವರಿಗೆ ಪಾಠದ ವಿಡಿಯೊದಡಿ ಅಕ್ಷರ. ಯಾರಿಗೆ ಏನು ಬೇಕು ಎಂಬುದು ಅವರಿಗೇ ಗೊತ್ತು. ಖರೀದಿ ಸಮಿತಿಯಲ್ಲಿ ಅವರೊಬ್ಬರನ್ನುಳಿದು ಎಲ್ಲರೂ ಇರುತ್ತಾರೆ! ಕಡಿಮೆ ದರ ಕೂಗಿದವರ ಹತ್ತು ಒಂದೇ ಥರದ ಯಂತ್ರ ಬರುತ್ತದೆ, ದಾಸ್ತಾನು ವಹಿಯಲ್ಲಿ ನಮೂದಾಗುತ್ತದೆ. ಕೆಟ್ಟರೂ ಕಂಡಂ ಮಾಡುವ ಅವಧಿ ಬಂದಿಲ್ಲ ಎಂದು ಹೊಸದು ಬರುವುದಿಲ್ಲ. ರಸಾಯನಶಾಸ್ತ್ರದ ಲ್ಯಾಬಿಗೆ ಪ್ರತಿವರ್ಷ ಆಸಿಡ್ ಬರುತ್ತದೆ. ಹತ್ತು ವರ್ಷದ ಕೆಳಗೆ ಒಂದು ಸೀಸೆ ತಂದುಕೊಟ್ಟಿದ್ದೆವಲ್ಲ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಅದರ ಬಿಲ್ಲಿಗೆ ಯಾರೂ ದಯೆ ಎಂದು ಹೆಸರಿಡುವುದಿಲ್ಲ.

ಪರೀಕ್ಷೆಯ ವಿಚಾರದಲ್ಲಂತೂ ಮನಸ್ಸು ಕುದಿಯುತ್ತದೆ. ಕೇಂದ್ರ ಸರ್ಕಾರದ 2018ರ ಆಗಸ್ಟ್ ತಿಂಗಳ ಮಾರ್ಗಸೂಚಿ, ಅಭ್ಯರ್ಥಿ ಕಂಪ್ಯೂಟರಿನಲ್ಲೇ ಉತ್ತರ ಬರೆಯಬಹುದು, ಯಂತ್ರವನ್ನು ಹಿಂದಿನ ದಿನವೇ ಬಂದು ಪರೀಕ್ಷಿಸಿಕೊಳ್ಳಬಹುದು ಎಂದಿತ್ತು. ಹಾಗಿದ್ದೂ ಅಂಧ ವಿದ್ಯಾರ್ಥಿ ಎಂದರೆ ಲಿಪಿಕಾರ ಎಂಬ ರೂಢಿ ಬಿಟ್ಟಿಲ್ಲ. ತನಗಿಂತ ಕಡಿಮೆ ಓದಿದ, ವಿಷಯವೇ ಗೊತ್ತಿಲ್ಲದ ಒಬ್ಬರಿಗೆ ‘ಧ್ವನ್ಯಾಲೋಕ’ದ ಕಾಗುಣಿತ ಹೇಳಿಕೊಡುತ್ತ ಮೂರು ಗಂಟೆ ಕಳೆಯುವವಳ ಅಂಕ ಯಾರ ಅಂಕ? ತನ್ನ ಬೆರಳಿನಿಂದ ತಾನೇ ಬರೆಯಬಲ್ಲವಳಿಗೆ ಲಿಪಿಕಾರರನ್ನು ಹುಡುಕಿಕೊಂಡು ಬಾ ಎನ್ನುವುದು ಅನುಕೂಲವಲ್ಲ, ಅವಮಾನ. ಬೇಕೆನ್ನುವವರಿಗೆ ಲಿಪಿಕಾರರು ಇರಲಿ. ಆಯ್ಕೆ ಅವಳದಾಗಲಿ.

ಹಣವಿಲ್ಲ ಎನ್ನುತ್ತೀರಿ. ರಾಜ್ಯದ ವಿಶ್ವವಿದ್ಯಾಲಯಗಳ ಕೈ ಎಷ್ಟು ಬಿಗಿಯಾಗಿದೆ, ಪಿಂಚಣಿ ಕೊಡಲೂ ಎಷ್ಟು ತಿಣುಕುತ್ತಿವೆ ಎಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಆದರೂ ಘಟಿಕೋತ್ಸವದ ಪೆಂಡಾಲ್ ಯಾವ ವರ್ಷವೂ ನಿಂತಿಲ್ಲ. ಒಂದು ವಿಶ್ವವಿದ್ಯಾಲಯದಲ್ಲಿ ಈ ಸಾಧನಗಳನ್ನು ನಂಬಿ ಓದುವವರು ಎಷ್ಟು ಮಂದಿ ಇದ್ದಾರು? ಹೆಸರು ಹಿಡಿದು ಕರೆಯಬಹುದಾದಷ್ಟು. ಕರೆಯಿರಿ. ಎದುರು ಕೂರಿಸಿ ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು, ಸಹಾಯಕ ಸಾಧನಗಳ ಖರೀದಿ, ದುರಸ್ತಿ, ನವೀಕರಣಕ್ಕೆಂದು ಆಯವ್ಯಯದಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಿರಿ, ಅದು ಪ್ರತಿ ವರ್ಷ ತುಂಬಲಿ, ಮಾರ್ಚ್ ಕೊನೆಯಲ್ಲಿ ಬೇರೆ ಕಡೆಗೆ ಹರಿಯದಿರಲಿ. ಸಿಂಡಿಕೇಟ್ ಸದಸ್ಯರೇ, ಮುಂದಿನ ಆಯವ್ಯಯದ ಕರಡು ನಿಮ್ಮ ಮುಂದೆ ಬಂದಾಗ ಆ ಶೀರ್ಷಿಕೆಯನ್ನು ಹುಡುಕಿ. ಸಿಗದಿದ್ದರೆ ಸಹಿ ಹಾಕದೆ ವಾಪಸ್ ಕಳಿಸಿ.