ಮೂರು ದಿನದ ಪ್ರೀತಿ, ಮೂರನೇ ಪ್ಯಾರಾದ ಕಾನೂನು



ರಾತ್ರಿ ಮುದ್ದೆ ಉಂಡು ತಟ್ಟೆ ತೊಳೆದಿಟ್ಟ ಮೇಲೆ ಹಾಸ್ಟೆಲಿನ ಜಗಲಿಯಲ್ಲಿ ನಾವು ವಾದಕ್ಕೆ ಕೂರುವುದು ವಾಡಿಕೆ. ನಾಗಮಂಗಲ ಕಡೆಯ ಗೆಳೆಯ ಮೊನ್ನೆ ಕೇಳಿದ: "ಯೇಸು ಬರೀ ಪ್ರೀತಿ ಪ್ರೀತಿ ಅಂದ. ಕಾನೂನು ಬ್ಯಾಡವಾಗಿತ್ತಾ ಅವನಿಗೆ?" ಕೆ.ಆರ್. ಪೇಟೆಯವನು ನಕ್ಕ: "ಕಾನೂನಿರೋ ಕಡೆ ಪ್ರೀತಿ ಎಲ್ಲಿರ್ತದ್ಲಾ?" ಎರಡೂ ಅರ್ಧ ಸತ್ಯ ಅಂತ ನಮಗೆ ಅನ್ನಿಸಿತು.

ಯೇಸು ಯೆಹೂದ್ಯ. ಮೋಶೆಯ ಧರ್ಮಶಾಸ್ತ್ರ ಕೇಳಿ ಬೆಳೆದವನು. ಅದನ್ನು ಅಳಿಸಲು ತಾನು ಬಂದಿಲ್ಲ ಎಂದವನು. ದೇವರ ಮೇಲಿನ ಪ್ರೀತಿ, ನೆರೆಯವನ ಮೇಲಿನ ಪ್ರೀತಿ, ಈ ಎರಡರಲ್ಲೇ ಶಾಸ್ತ್ರವೆಲ್ಲ ನಿಂತಿದೆ ಅಂತ ತೋರಿಸಿದ. ಅವೇನು ಹೊಸದಾಗಿ ಹುಟ್ಟಿಸಿದ್ದಲ್ಲ, ಹಳೇ ಶಾಸ್ತ್ರದೊಳಗೇ ಇದ್ದವು. ಅವನು ಅವನ್ನು ಅಳತೆಗೋಲು ಮಾಡಿಕೊಂಡ. ಸಬ್ಬತ್ತಿನ ದಿನವೇ ಕೈ ಬತ್ತಿದವನನ್ನು ವಾಸಿ ಮಾಡಿದ. ಕುಷ್ಠರೋಗಿಯನ್ನು ಮುಟ್ಟಿದ. 'ಮುಟ್ಟಿದ' ಎಂಬ ಮಾತಿನ ತೂಕವನ್ನು ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಆ ಪ್ರೀತಿ ನಮ್ಮ ಸೀಮೆಗೆ ಬಂದಾಗ ಏನಾಯಿತು?

1648ರ ಸುಮಾರಿಗೇ ಇಟಲಿಯ ಜೆಸ್ವಿಟ್ ಪಾದ್ರಿ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದ. ದಕ್ಷಿಣದ ಈ ಮಿಷನ್ನುಗಳಲ್ಲಿ ಜಾತಿಯೂ ಜೊತೆಗೇ ಒಳಕ್ಕೆ ಬಂತು. ಸಾಯಲು ಬಿದ್ದ ಪರೆಯರ ಗುಡಿಸಲಿಗೆ ಕಾಲಿಡಲು ಪಾದ್ರಿಗಳೇ ಹಿಂದೆಗೆದರು. ಅದು ತಪ್ಪು ಅಂತ 1704ರಲ್ಲಿ ಪೋಪನ ಪ್ರತಿನಿಧಿ ಟೂರ್ನೊನ್ ಪಾಂಡಿಚೇರಿಯಲ್ಲಿ ಆಜ್ಞೆ ಹೊರಡಿಸಿದ. 40 ವರ್ಷ ಎಳೆದಾಡಿ, 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟನ ಕಾಲಕ್ಕೆ ಸಿಕ್ಕ ಪರಿಹಾರವೇನು? ಪರೆಯರಿಗೆ ಬೇರೆ ಪಾದ್ರಿಗಳು! ದೇವರೊಬ್ಬನೇ, ಲೋಟ ಎರಡು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಫ್ರಾನ್ಸಿನ ಅಬ್ಬೆ ದುಬಾಯ್ ಶ್ರೀರಂಗಪಟ್ಟಣಕ್ಕೆ ಬಂದ. ಚೆದುರಿದ ಕ್ರೈಸ್ತರನ್ನು ಕೂಡಿಸಿದ, ಸಿಡುಬಿಗೆ ಲಸಿಕೆ ಹಾಕಿಸಿದ. ಅದಕ್ಕೆ ನಮಸ್ಕಾರ. ಆದರೆ ಜಾತಿ ಹಂಚಿಕೆಯೇ ಹಿಂದೂ ಶಾಸನದ ಶ್ರೇಷ್ಠ ಕೆಲಸ ಅಂತ ಬರೆದವನೂ ಅವನೇ. ಪ್ರೀತಿಯ ಧರ್ಮ ಸಾರಲು ಬಂದವನ ಕಣ್ಣಿಗೂ ಮನುವಿನ ಕಟ್ಟಳೆ ಚಂದ ಕಂಡಿತು!

ಪಕ್ಕದ ಪಾಂಡವಪುರ ತಾಲ್ಲೂಕಿಗೆ ಬನ್ನಿ. ಮೇಲುಕೋಟೆಯಲ್ಲಿ ರಾಮಾನುಜರು ನಮ್ಮವರನ್ನು 'ತಿರುಕುಲದವರು' ಅಂತ ಕರೆದು, ವರ್ಷದಲ್ಲಿ ಮೂರು ದಿನ ಗುಡಿಯೊಳಕ್ಕೆ ಬಿಟ್ಟರು ಅಂತ ಪ್ರತೀತಿ. ಆ ಕಾಲಕ್ಕೆ ದೊಡ್ಡ ಮಾತೇ. ಆದರೆ ಉಳಿದ 362 ದಿನ? ಆ ಪ್ರೀತಿ ಹಕ್ಕಾಗಲಿಲ್ಲ, ರಿಯಾಯಿತಿಯಾಗೇ ಉಳಿಯಿತು. ಅಸ್ಪೃಶ್ಯತೆಯೇ ಅಪರಾಧ ಅಂತ ಹೇಳಲು 1950ರ ಸಂವಿಧಾನದ 17ನೇ ವಿಧಿ ಬರಬೇಕಾಯಿತು.

ಅದೇ 1950ರಲ್ಲಿ ಇನ್ನೊಂದೂ ಬಂತು: ಪರಿಶಿಷ್ಟ ಜಾತಿಗಳ ಆದೇಶ. ಅದರ ಮೂರನೇ ಪ್ಯಾರಾ ಹಿಂದೂಗಳಲ್ಲದವರನ್ನು ಪರಿಶಿಷ್ಟರಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಕ್ರೈಸ್ತನಾದ ಹೊಲೆಯ, ಮಾದಿಗ ಹೊರಗೇ ಉಳಿದ. ಅವನಿಗೆ ಹೊಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇಲ್ಲ. ಧರ್ಮ ಬಿಟ್ಟರೆ ಜಾತಿ ಹೋಯಿತು ಅನ್ನುತ್ತದೆ ಕಾಗದ. ಊರು ಬಿಡ್ತದಾ? 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಪ್ಯಾರಾ ತೆಗೆಯಿರಿ ಎಂದಿತು. 2022ರಲ್ಲಿ ಬಾಲಕೃಷ್ಣನ್ ಆಯೋಗ ನೇಮಿಸಿದರು. ಆಯೋಗದ ಮೇಲೆ ಆಯೋಗ!

ನಮ್ಮ ನಡುವೆಯೂ ಒಬ್ಬನಿದ್ದಾನೆ. ಭಾನುವಾರ ಪ್ರಾರ್ಥನೆಗೆ ಹೋಗುತ್ತಾನೆ. ಶಿಲುಬೆಯನ್ನು ಅಂಗಿಯ ಒಳಗೆ ಇಳಿಬಿಟ್ಟುಕೊಳ್ಳುತ್ತಾನೆ. ಸರ್ಟಿಫಿಕೇಟು ಹೋದರೆ ಓದೇ ಹೋಯಿತು ಅಂತ ಅವನಿಗೆ ಹೆದರಿಕೆ. ಅವನನ್ನು ಸುಳ್ಳುಗಾರ ಅನ್ನಬೇಡಿ. ಹೊಟ್ಟೆ ಒಂದು ಕಡೆ, ದೇವರು ಇನ್ನೊಂದು ಕಡೆ ಅಂತ ಸೀಳಿದ್ದು ಕಾನೂನು, ಅವನಲ್ಲ.

ಬಾಬಾಸಾಹೇಬರು 1936ರಲ್ಲೇ ಕಟ್ಟಳೆಗಳ ಧರ್ಮ ಬೇರೆ, ತತ್ವಗಳ ಧರ್ಮ ಬೇರೆ ಅಂತ ಬಿಡಿಸಿ ಹೇಳಿದರು. ಯೇಸುವಿನ ಮಾತೂ ಅದಕ್ಕೆ ದೂರವಿಲ್ಲ. ಪ್ರೀತಿಯಿಲ್ಲದ ಕಾನೂನು ಚಾಟಿ. ಕಾನೂನಾಗದ ಪ್ರೀತಿ ಭಿಕ್ಷೆ. ಎರಡನ್ನೂ ನಮ್ಮ ಅಪ್ಪಂದಿರು ಸಾಕಷ್ಟು ಉಂಡಿದ್ದಾರೆ.

ಆದ್ದರಿಂದ ಚರ್ಚುಗಳಿಗೆ ಕೇಳುತ್ತೇವೆ: ನಿಮ್ಮ ಪ್ರೀತಿಯನ್ನು ಬೆಂಚಿನಲ್ಲಿ, ಸ್ಮಶಾನದಲ್ಲಿ, ಮದುವೆಯಲ್ಲಿ ತೋರಿಸಿ. ಸರ್ಕಾರಕ್ಕೆ ಕೇಳುತ್ತೇವೆ: ಮೂರನೇ ಪ್ಯಾರಾ ಕಿತ್ತು ಹಾಕಿ. ನಮ್ಮನ್ನೂ ಕೇಳಿಕೊಳ್ಳೋಣ: ಹೊಲಗೇರಿಯವರೂ ಮಾದಿಗರ ಕೇರಿಯವರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೇವಾ?

ಮೂರು ದಿನದ ಪ್ರೀತಿ ಸಾಕು. ವರ್ಷಪೂರ್ತಿ ಬೇಕು.