ಮನೆಗೆ ಮರಳುವ ಹಾಯಿಗಳು

ಸಹೋದರಿ, ನಿಮ್ಮ ಮನೆಯವರು ಯಾರಾದರೂ ಗಲ್ಫ್‌ನಲ್ಲಿದ್ದಾರೆಯೇ? ಹಾಗಿದ್ದರೆ, ಅವರು ಊರಿಗೆ ಬರುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯುವುದು ಎಂದರೇನೆಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ಅದೇ ದುಬೈಯ ಹೆಂಗಸರೂ ಹೀಗೆಯೇ ಕಾಯುತ್ತಿದ್ದರು.

ಆಗ ಅಲ್ಲಿ ತೈಲ ಸಿಕ್ಕಿರಲಿಲ್ಲ. ಮುತ್ತೇ ಜೀವನಾಧಾರ. ಬೇಸಿಗೆ ಬಂತೆಂದರೆ ಗಂಡಸರು ಮರದ ಹಾಯಿಹಡಗು ಹತ್ತಿ ಸುಮಾರು ನಾಲ್ಕು ತಿಂಗಳು ಕಡಲಲ್ಲೇ ಕಳೆಯುತ್ತಿದ್ದರು. ಮೂಗಿಗೊಂದು ಕ್ಲಿಪ್, ಕಾಲಿಗೆ ಕಟ್ಟಿದ ಕಲ್ಲು, ಮೇಲೆಳೆಯಲು ಒಂದು ಹಗ್ಗ. ಇವೇ ಮುಳುಗುವವನ ಮುಖ್ಯ ಸಲಕರಣೆ. ಹಗ್ಗ ಹಿಡಿದವನು ಮೈಮರೆತರೆ ಜೀವಕ್ಕೇ ಅಪಾಯ. ಎಷ್ಟೋ ಮಂದಿ ಪಡೆದ ಮುಂಗಡದ ಸಾಲ ತೀರಿಸಲಾಗದೆ ಮರುವರ್ಷವೂ ಅದೇ ಹಡಗು ಹತ್ತಬೇಕಾಗುತ್ತಿತ್ತು. ಅವರು ತೆಗೆದ ಮುತ್ತು ಮುಂಬಯಿಯ ಮಾರುಕಟ್ಟೆಗೆ ಬರುತ್ತಿತ್ತು. ಹಡಗು ಕಟ್ಟುವ ತೇಗ ಮಲಬಾರ್ ಕರಾವಳಿಯಿಂದ ಅಲ್ಲಿಗೆ ಹೋಗುತ್ತಿತ್ತು.

ಋತು ಮುಗಿಸಿ ಊರಿಗೆ ಮರಳುವುದಕ್ಕೆ ಅವರು ‘ಅಲ್ ಕಫ್ಫಾಲ್’ ಎನ್ನುತ್ತಿದ್ದರು. ‘ಕಾಫಿಲ’ ಎಂಬ ಪದದ ಧಾತುವೂ ಇದೇ. ಹೊರಟ ತಂಡ ಕ್ಷೇಮವಾಗಿ ಮರಳಲಿ ಎಂಬ ಹಾರೈಕೆಯಿಂದ ಆ ಹೆಸರು ಬಂತೆಂದು ಅರಬಿ ನಿಘಂಟುಕಾರರು ಹೇಳುತ್ತಾರೆ. ಹೊರಡುವವರ ಹೆಸರಿನಲ್ಲೇ ಮರಳುವ ಮಾತು!

ಮುಂದೆ ಜಪಾನಿನ ಸಾಕಣೆಯ ಮುತ್ತು ಮಾರುಕಟ್ಟೆಗೆ ಬಂತು. 1929ರ ನಂತರದ ಜಾಗತಿಕ ಆರ್ಥಿಕ ಕುಸಿತವೂ ಸೇರಿ ಆ ಉದ್ಯೋಗ ಮುಳುಗಿತು. 1966ರಲ್ಲಿ ದುಬೈಯಲ್ಲಿ ತೈಲ ಸಿಕ್ಕಿತು. ಹಡಗುಗಳಿಗೆ ಇಂಜಿನ್ ಬಂತು, ಹಾಯಿ ಮೂಲೆಗೆ ಸೇರಿತು.

ಆದರೆ 1991ರಲ್ಲಿ ಶೇಖ್ ಹಮ್ದಾನ್ ಬಿನ್ ರಾಶಿದ್ ಅಲ್ ಮಕ್ತೂಮ್ ಅದೇ ‘ಅಲ್ ಕಫ್ಫಾಲ್’ ಹೆಸರಿನಲ್ಲಿ ಹಾಯಿಹಡಗುಗಳ ಸ್ಪರ್ಧೆ ಆರಂಭಿಸಿದರು. 60 ಅಡಿ ಉದ್ದದ ಹಡಗುಗಳು ಸರ್ ಬು ನಾಯರ್ ದ್ವೀಪದಿಂದ ದುಬೈ ದಡಕ್ಕೆ 90 ಕಿಲೋಮೀಟರಿಗೂ ಹೆಚ್ಚು ದೂರ ಬರಬೇಕು. ಗಾಳಿ ಅನುಕೂಲವಿಲ್ಲದಿದ್ದರೆ ಸ್ಪರ್ಧೆಯನ್ನೇ ಮುಂದೂಡುತ್ತಾರೆ.

ಹಡಗನ್ನು ಮ್ಯೂಸಿಯಂನಲ್ಲಿಟ್ಟಿದ್ದರೆ ಮರ ಮಾತ್ರ ಉಳಿಯುತ್ತಿತ್ತು. ಸ್ಪರ್ಧೆಯಿರುವುದರಿಂದ ಬಡಗಿಗೆ ಕೆಲಸವಿದೆ, ಹಾಯಿ ಹೊಲಿಯುವವನಿಗೆ ಬೇಡಿಕೆಯಿದೆ, ಗಾಳಿಯ ದಿಕ್ಕು ಗುರುತಿಸುವುದನ್ನು ಹಿರಿಯರಿಂದ ಕಲಿಯಲು ಹುಡುಗರಿಗೆ ಕಾರಣವಿದೆ. ಬಳಸಿದ್ದು ಉಳಿಯುತ್ತದೆ, ಎತ್ತಿಟ್ಟದ್ದು ಮರೆತುಹೋಗುತ್ತದೆ.

ಆದರೂ ನನ್ನನ್ನು ಒಂದು ಯೋಚನೆ ಕಾಡುತ್ತದೆ. ಮರಳಿ ಬಂದವರ ನೆನಪಿಗೆ ಸ್ಪರ್ಧೆಯಿದೆ. ಆ ನಾಲ್ಕು ತಿಂಗಳು ಮಕ್ಕಳಿಗೆ ಹೊಟ್ಟೆ ತುಂಬಿಸಿ, ಕಾಯಿಲೆ ಕಸಾಲೆ ನೋಡಿಕೊಂಡು ಮನೆ ನಡೆಸಿದವರಿಗೆ ಯಾವ ಸ್ಪರ್ಧೆಯಿದೆ? ಅವರ ಕಥೆ ಉಳಿಯಬೇಕಾದರೆ ಯಾರಾದರೂ ಕೇಳಬೇಕು, ಯಾರಾದರೂ ಹೇಳಬೇಕು.

ನಿಮ್ಮ ಮನೆಯಲ್ಲೂ ಅಂಥ ಒಬ್ಬ ಹಿರಿಯರಿರಬಹುದು. ಫೋನಿಲ್ಲದ ಆ ದಿನಗಳಲ್ಲಿ ತಿಂಗಳಿಗೊಂದು ಪತ್ರಕ್ಕಾಗಿ ಕಾದವರು. ಇವತ್ತು ಅಡುಗೆಯ ಕೆಲಸ ಮುಗಿದ ಮೇಲೆ ಅವರ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಮಕ್ಕಳನ್ನೂ ಕೂರಿಸಿಕೊಳ್ಳಿ. “ಆಗ ಮನೆ ಹೇಗೆ ನಡೆಸಿದಿರಿ?” ಎಂದು ಕೇಳಿ ನೋಡಿ.