ಗುಂಡು ಹಾರದ ಕೋವಿಗೆ ಯಾಕ್ರೀ ನಾಚಿಕೆ?

ಕತಾರ್‌ಗಾಮಿನ ನಮ್ಮ ಸೊಸೈಟಿಯಲ್ಲಿ ಜನವರಿ ಬಂತೆಂದರೆ ಧ್ವಜಾರೋಹಣದ ಚಂದಾ ಜೊತೆ ದೇಶಭಕ್ತಿಯ ಫಾರ್ವರ್ಡುಗಳೂ ಶುರು. ಈ ಸಲದ್ದು ಎನ್‌ಸಿಸಿ ಬಗ್ಗೆ. ಮಕ್ಕಳ ಕೈಗೆ ಸತ್ತ ಬಂದೂಕು ಕೊಡ್ತಾರಂತೆ, ಇದು ದೇಶಕ್ಕೇ ಅವಮಾನವಂತೆ. ಗುಜರಾತಿಯಲ್ಲಿ ಬಂದದ್ದನ್ನ ನಮ್ಮ ಕನ್ನಡದವರೂ ಹಿಂದೆಮುಂದೆ ನೋಡದೆ ದಾಟಿಸಿದ್ದಾರೆ. ಮೂವತ್ತು ವರ್ಷ ತಾಪಿ ನೀರು ಕುಡಿದವನು ನಾನು, ಸುಮ್ಮನಿರೋದನ್ನ ಚೆನ್ನಾಗೇ ಕಲಿತಿದ್ದೀನಿ. ಇದಕ್ಕೆ ಮಾತ್ರ ಸುಮ್ಮನಿರೋಕೆ ಆಗಲಿಲ್ಲ.

ಆ "ಸತ್ತ ಬಂದೂಕಿ"ನ ಹೆಸರು ಡಿಪಿ ರೈಫಲ್. ಡ್ರಿಲ್ ಪರ್ಪಸ್, ಅಂದ್ರೆ ಕವಾಯತಿಗೆ ಮಾತ್ರ. 1948ರಲ್ಲಿ ಎನ್‌ಸಿಸಿ ಹುಟ್ಟಿದ ಮೇಲೆ ತಲೆಮಾರುಗಟ್ಟಲೆ ಹುಡುಗರು ಕವಾಯತು ಕಲಿತದ್ದು ಸೈನ್ಯ ಬಳಸಿ ಬಿಟ್ಟ ತ್ರೀ ನಾಟ್ ತ್ರೀಗಳಲ್ಲಿ. ಬಂಗಾಳದ ಇಛಾಪುರ ಕಾರ್ಖಾನೆಯಲ್ಲಿ ಇವು ರಾಶಿರಾಶಿ ತಯಾರಾದವು. ಗುಂಡು ಕೂರುವ ಜಾಗಕ್ಕೆ ತೂತು ಕೊರೆದು, ನಳಿಗೆ ಮುಚ್ಚಿ, ಫೈರಿಂಗ್ ಪಿನ್ ಮೊಂಡು ಮಾಡಿ, ಮೈಮೇಲೆ ಡಿಪಿ ಅಂತ ಮುದ್ರೆ ಒತ್ತಿದರೆ ಆ ಕೋವಿ ಇನ್ನು ಯಾರನ್ನೂ ಕೊಲ್ಲೋಲ್ಲ. ಆದರೆ ಬೋಲ್ಟ್ ಎಳೆದರೆ ಅದೇ ಖಟಕ್ ಸದ್ದು, ಹೆಗಲ ಮೇಲೆ ಅದೇ ಸುಮಾರು 4 ಕಿಲೋ. ಮರದ ಆಟಿಕೆಯಲ್ಲಿ ಇದು ಬರೋಲ್ಲ. "ಸಲಾಮೀ ಶಸ್ತ್ರ್" ಅಂತ ಹಿಂದಿಯಲ್ಲಿ ಕೂಗಿದಾಗ ಅದನ್ನ ಎದೆ ಮುಂದೆ ನೆಟ್ಟಗೆ ಹಿಡಿದು ನಿಂತು ನೋಡಿ, ಎರಡೇ ನಿಮಿಷಕ್ಕೆ ತೋಳು ಅಚ್ಚಗನ್ನಡದಲ್ಲಿ ಬಯ್ಯೋಕೆ ಶುರು ಮಾಡುತ್ತೆ.

1962ರಲ್ಲಿ ಚೀನಾ ಎದುರು ನಮ್ಮ ಜವಾನರ ಕೈಯಲ್ಲಿದ್ದದ್ದೂ ತ್ರೀ ನಾಟ್ ತ್ರೀಯೇ. ಜೀವ ಪಣಕ್ಕಿಟ್ಟವನಿಗೆ ಹಳೇ ಕೋವಿ ಕೊಡ್ತಾರಲ್ಲ, ಅದು ಅವಮಾನ. ಹದಿನಾಲ್ಕರ ಹುಡುಗನ ಕವಾಯತಿಗೆ ಹಳೇದನ್ನ ಕೊಟ್ಟರೆ ಅದು ಜಾಣತನ. ಸ್ಕೂಲ್ ಮೈದಾನದಲ್ಲಿ ಸಾಲು ತಿರುಗುವಾಗ ಒಬ್ಬನ ನಳಿಗೆ ಇನ್ನೊಬ್ಬನ ಕಿವಿ ಹತ್ತಿರ ಎಷ್ಟು ಸಲ ಹಾದುಹೋಗುತ್ತೆ ಅಂತ ಎಣಿಸಿದ್ದೀರಾ? ದೊಡ್ಡವರೇ ಮದುವೆ ದಿಬ್ಬಣದಲ್ಲಿ ಗುಂಡು ಹಾರಿಸಿ ಹೆಣ ಬೀಳಿಸ್ತಾರೆ ಅಂತ 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದು, 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಂತ ಬರೆಯಬೇಕಾಯ್ತು. ಇನ್ನು ಮಕ್ಕಳಿಗೆ ಜೀವಂತ ಕೋವಿಯೇ?

"ನಿಮ್ಮ ಕೊಡಗಿನವರು ಮನೆಮನೆಯಲ್ಲೂ ಇಟ್ಕೊಳ್ತಾರಲ್ಲ" ಅಂತ ಒಬ್ಬರು ಚುಚ್ಚಿದರು. ಹೌದು ಸ್ವಾಮಿ, ಇಟ್ಕೊಳ್ತಾರೆ. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡ್ತಾರೆ, ತೆಂಗಿನಕಾಯಿಗೆ ಗುರಿ ಇಡ್ತಾರೆ. ಅಲ್ಲಿ ಕೋವಿಗೊಂದು ಮನೆ, ಮನೆಗೊಬ್ಬ ಹಿರಿಯ, ಏನಾದರೂ ಆದರೆ ಉತ್ತರ ಹೇಳೋನು ಅವನೇ. ಶಾಲೆಯ ಕೋವಿ ದಿನಕ್ಕೆ ಹತ್ತು ಕೈ ಬದಲಾಯಿಸುತ್ತೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಾಚಿಕೆ ಪಡಲೇಬೇಕು ಅಂತಿದ್ದರೆ 2019ರ ಆಗಸ್ಟ್ ನೆನಪು ಮಾಡ್ಕೊಳ್ಳಿ. ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆಯಲ್ಲಿ ಸರ್ಕಾರಿ ಗೌರವಕ್ಕೆ ಎತ್ತಿದ 22 ಪೊಲೀಸ್ ರೈಫಲ್‌ಗಳಲ್ಲಿ ಒಂದೂ ಸಿಡಿಯಲಿಲ್ಲ. ಅವು ಡಿಪಿ ಅಲ್ಲ, ಕಾಗದದ ಮೇಲೆ ಪೂರ್ತಿ ಜೀವಂತ.

ಗುರಿ ಕಲಿಸಬೇಕು ಅನ್ನೋದಾದರೆ ಅದಕ್ಕೆ ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಇದೆ. ಫೈರಿಂಗ್ ರೇಂಜಿನಲ್ಲಿ ಮಲಗಿಸಿ, ಪಕ್ಕದಲ್ಲಿ ಉಸ್ತಾದ್ ನಿಂತು, ಗುಂಡು ಎಣಿಸಿ ಕೊಟ್ಟು ಕಲಿಸ್ತಾರೆ. ನಿಮ್ಮ ಹುಡುಗನಿಗೆ ವರ್ಷಕ್ಕೆ ಎಷ್ಟು ಸಲ ರೇಂಜ್ ಸಿಕ್ಕಿತು, ಎಷ್ಟು ಗುಂಡು ಕೊಟ್ಟರು ಅಂತ ಹೋಗಿ ಕೇಳಿ. ಕಮ್ಮಿ ಅನ್ನಿಸಿದರೆ ಅದಕ್ಕೆ ಅರ್ಜಿ ಬರೀರಿ, ಮೊದಲ ಸಹಿ ನಂದೇ. ಗುಜರಾತಿಯಲ್ಲಿ ಬರೆಯೋಕೆ ಬರದಿದ್ದರೆ ನಾನೇ ಬರೆದುಕೊಡ್ತೀನಿ.